ಚಪ್ಪಲಿ ಗೂಡಿನ ಮುಂದೆ ಕೂತು ಮದ್ರಾಸಿಗೆ

ಅರಮನೆ ಬಾಗಿಲ ಬಲಕ್ಕೆ, ತಗಡಿನ ನೆರಳಲ್ಲಿ,
ಹದಿನಾಲ್ಕು ವರ್ಷದಿಂದ ಜನರನ್ನು ನಾನು
ಕಾಲಿನಿಂದ ಮೇಲಕ್ಕೆ ಓದಿಕೊಂಡು ಬಂದವಳು.
ಬೆಳಗ್ಗೆ ಹತ್ತಕ್ಕೆ ಬರುವ ಸಂಸಾರದ ಜೋಡುಗಳು
ಒಂದರ ಪಕ್ಕ ಒಂದು ಒಪ್ಪವಾಗಿ ಗೂಡು ಸೇರುತ್ತವೆ.
ಮೂರು ಗಂಟೆಗೆ ಬರುವವರದು ಹಾಗಲ್ಲ.
ಬೆಟ್ಟ ಮುಗಿಸಿ, ಮೃಗಾಲಯ ಮುಗಿಸಿ,
ಅಪ್ಪನ ಬೂಟು ಮಾತಿಲ್ಲದೆ ಬಂದು ಬೀಳುತ್ತದೆ,
ಅಮ್ಮನ ಹಿಮ್ಮಡಿಗೆ ಬ್ಯಾಂಡೇಜಿನ ಪಟ್ಟಿ,
ಮಗುವಿನದು ಒಂದೇ ಕಾಲಿನ ಚಪ್ಪಲಿ.
ಇನ್ನೊಂದು ಜಿರಾಫೆಯ ಹತ್ತಿರ ಉಳಿದಿರಬೇಕು.

ಹಾಗಾಗಿ ಸಿಂಚನ ಕೇಳಿದಾಗ,
"ರಜಕ್ಕೆ ಎಲ್ಲರೂ ಎಲ್ಲಿಗಾದರೂ ಹೋಗ್ತಾರೆ, ನಾವೆಲ್ಲಿಗಮ್ಮ?"
ನನಗೆ ಗೊತ್ತಿದ್ದದ್ದು ಒಂದೇ:
ಹೇಗೆ ಹೋಗಬಾರದು ಅನ್ನುವುದು.

ಮದ್ರಾಸು ಅಂದರು ಇವರು.
ಸಮುದ್ರ ಇದೆ, ಪೆರಂಬೂರಿನಲ್ಲಿ
ದೊಡ್ಡಮ್ಮನ ಮಗ ಶಿವನಂಜು ಇದ್ದಾನೆ,
ಲಾಡ್ಜಿನ ಕಾಸು ಉಳಿಯುತ್ತದೆ.
"ಚೆನ್ನೈ ಅನ್ನಪ್ಪ" ಅಂತ ಮನ್ವಿತ ತಿದ್ದಿದ.

ಹಳೇ ರಸೀತಿ ಪುಸ್ತಕದ ಬೆನ್ನಿಗೆ
ಗಿರಾಕಿ ಇಲ್ಲದಾಗ ಬರೆಯುತ್ತೇನೆ.
ಮೊದಲ ದಿನ: ರೈಲಿಳಿದು ಸ್ನಾನ, ಇಡ್ಲಿ, ನಿದ್ದೆ.
ಇವರಿಗೆ ಸಿಟ್ಟು: ನಿದ್ದೆ ಮಾಡಲು ಅಷ್ಟು ದೂರ ಹೋಗಬೇಕೇ?
ಇವರ ಪಟ್ಟಿಯಲ್ಲಿ ಒಂದು ದಿನಕ್ಕೆ ಏಳು ಜಾಗ,
ಕೋಟೆ, ಮ್ಯೂಸಿಯಂ, ಹಾವಿನ ಪಾರ್ಕು, ದೀಪಸ್ತಂಭ,
ಎರಡು ದೇವಸ್ಥಾನ, ಯಾವುದೋ ಮಾಲು.
ನಾಲ್ಕಕ್ಕೆ ಗೀಟು ಎಳೆದೆ.
ಮಾರನೇ ದಿನ ನೋಡಿದರೆ ಹಾವಿನ ಪಾರ್ಕು ಮತ್ತೆ ಬಂದಿದೆ.
ಏಳೂ ಜಾಗ ಸುತ್ತಿದ ಕಾಲನ್ನು ಇವರು ಕಂಡಿಲ್ಲ,
ಬಗ್ಗಿ ಟೋಕನ್ ಕೊಡುವವಳು ನಾನು.

ರಜೆಯ ಲೆಕ್ಕವೇ ಬೇರೆ.
ಊರ ಮಕ್ಕಳಿಗೆಲ್ಲ ರಜ ಬಂದಾಗ
ನನ್ನ ಗೂಡುಗಳಿಗೆ ಉಸಿರಾಡಲು ಪುರಸೊತ್ತಿಲ್ಲ.
ಕಂತ್ರಾಟಿನ ಪುಟ್ಟಮಲ್ಲಣ್ಣ ಬೆರಳು ಮಡಚಿ ಅಂದರು:
ಜಂಬೂಸವಾರಿ ಮುಗಿದು ಆನೆಗಳು ಲಾರಿ ಹತ್ತಲಿ,
ಆಮೇಲೆ ಮೂರು ದಿನ ಹೋಗಿ ಬಾ.
ಅಂತೂ ಆನೆಗಳಿಗೂ ನನಗೂ ಒಟ್ಟಿಗೇ ಬಿಡುಗಡೆ.

ಮನ್ವಿತನಿಗೆ ಅರ್ಧ ಟಿಕೆಟ್ಟು, ಬರ್ತಿಲ್ಲ,
ನನ್ನ ಕಾಲ ಬುಡದಲ್ಲಿ ಮುದುರಿಕೊಳ್ಳಲಿ.
ಹೊಸ ಚಪ್ಪಲಿ ಹೊರಡುವ ದಿನಕ್ಕಲ್ಲ,
ಹದಿನೈದು ದಿನ ಮೊದಲೇ ತಂದು ಪಳಗಿಸಬೇಕು.
ಈಗ ದಿನಾ ಸಂಜೆ ಕೆಸರೆಯ ಬೀದಿಯಲ್ಲಿ
ಇಬ್ಬರನ್ನೂ ಮೂರು ಸುತ್ತು ನಡೆಸುತ್ತೇನೆ.
"ಎಲ್ಲಿಗೆ ಸವಾರಿ?" ಅನ್ನುತ್ತಾಳೆ ಸೊಪ್ಪಿನ ನೂರ್‌ಜಾನಕ್ಕ.
"ಮದ್ರಾಸಿಗೆ" ಅಂದರೆ ನಗುತ್ತಾಳೆ,
ನಾವು ಅದೇ ಟ್ರಾನ್ಸ್‌ಫಾರ್ಮರ್ ಕಂಬವನ್ನು
ಮೂರನೇ ಸಲ ದಾಟುತ್ತಿರುತ್ತೇವೆ.

ಹೋದ ವಾರ ಗೂಡು ನಾನೂರ ಹದಿನಾರರಲ್ಲಿ
ಪುಟ್ಟ ಬೂಟೊಂದು ಬಗ್ಗಿಸಿದಾಗ ಮರಳು ಸುರಿಯಿತು.
ನಮ್ಮ ಹೊಳೆಯ ಮರಳಲ್ಲ. ಹಿಟ್ಟಿನ ಹಾಗೆ ಸಣ್ಣದು,
ನಡುವೆ ಉಗುರಿನಷ್ಟು ಚಿಪ್ಪಿನ ಚೂರು.
ಯಾವ ದಡದ್ದೋ, ಎಷ್ಟು ಊರು ದಾಟಿ ಬಂತೋ.
ಗುಡಿಸಿ ಎಸೆಯುವವಳು
ಚೀಟಿಯಲ್ಲಿ ಮಡಚಿ ಸೆರಗಿಗೆ ಕಟ್ಟಿಕೊಂಡೆ.
ಮನೆಯಲ್ಲಿ ಬಿಚ್ಚಿದೆ. ಸಿಂಚನ ಮೂಸಿದಳು.
ತಡೆಯುವುದರೊಳಗೆ ಮನ್ವಿತ ನೆಕ್ಕಿಯೇಬಿಟ್ಟ:
"ನಿಜವಾಗ್ಲೂ ಉಪ್ಪು!"
ಯಾರ ಬೂಟಿನದು ಅಂತ ನಾನು ಹೇಳಲಿಲ್ಲ.

ಆ ರಾತ್ರಿ ಎರಡನೇ ದಿನದ ಮುಂದೆ ಬರೆದೆ:
ಬೆಳಗ್ಗೆ ಆರಕ್ಕೆ ಸಮುದ್ರ.
ಬಿಸಿಲೇರುವ ತನಕ ಬೇರೇನೂ ಇಲ್ಲ.
ಬಟ್ಟೆ ಎರಡು ಜೊತೆ, ಟವಲು, ಅವಲಕ್ಕಿ.
ಚಪ್ಪಲಿ ಕಾಯಲು ಒಬ್ಬರು ದಡದಲ್ಲಿರಬೇಕು.
ಅಷ್ಟು ಬರೆದು ದೀಪ ಆರಿಸಿದೆ,
ಆ ಒಬ್ಬರು ಯಾರೆಂದು ಬರೆಯುವ ಅಗತ್ಯ ಕಾಣಲಿಲ್ಲ.

ಬೆಳಗ್ಗೆ ಪುಸ್ತಕ ತೆರೆದರೆ
ಇವರ ಓರೆ ಅಕ್ಷರ, ಪೆನ್ಸಿಲ್ಲಿನಲ್ಲಿ:
ನಾನ್ ಕಾಯ್ತೀನಿ, ನೀನ್ ಹೋಗು.
ಅದರ ಕೆಳಗೆ, ಮತ್ತೆ,
ಹಾವಿನ ಪಾರ್ಕು.